ಸರೋಜತ್ತೆಯ ಜೀಪಿನ ಸದ್ದು

ಹಳೆಯ ಗೇರ್ ಎಣ್ಣೆಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಮೊದಲು ಗಂಧಕದ ಘಾಟು, ಅದರ ಬೆನ್ನಿಗೆ ಸೀದ ಬೆಲ್ಲದಂಥ ಏನೋ ಒಂದು. ಮೊನ್ನೆ ಚಾಮರಾಜಪೇಟೆಯ ಗ್ಯಾರೇಜೊಂದರಲ್ಲಿ ನನ್ನ ಕಾರಿಗಾಗಿ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಯಾರದೋ ಹಳೇ ಜೀಪಿನ ಹೊಟ್ಟೆಯಿಂದ ಕಪ್ಪು ಎಣ್ಣೆ ನಿಧಾನವಾಗಿ ಬಾಣಲೆಗೆ ಇಳಿಯುತ್ತಿತ್ತು. ಅಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡರು, ನಾನು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡೆ. ಆ ವಾಸನೆಯ ಜೊತೆಗೆ ಅವರೆಕಾಯಿಯ ಸೊಗಡೂ ಇರಬೇಕಿತ್ತು, ಅದೊಂದು ಇರಲಿಲ್ಲ. ಅವೆರಡೂ ಕೂಡಿ ನನ್ನೊಳಗೆ ಇಳಿದದ್ದು ಬಸವನಗುಡಿಯ ನಮ್ಮ ಮನೆಯಂಗಳದಲ್ಲಿ, ಸರೋಜತ್ತೆಯ ಜೀಪನ್ನು ಬಿಚ್ಚಿ ಹರಡಿದ ಚಳಿಗಾಲದಲ್ಲಿ.

ಸರೋಜತ್ತೆ ನನ್ನ ಅಪ್ಪನ ಅಕ್ಕ. ಮದುವೆ ಯಾಕಾಗಲಿಲ್ಲವೆಂದು ಯಾರಾದರೂ ಕೇಳಿದರೆ "ಪುರುಸೊತ್ತಾಗ್ಲಿಲ್ಲ" ಎಂದು ನಕ್ಕುಬಿಡುತ್ತಿದ್ದಳು. ಕಾಲೇಜಿನಲ್ಲಿ ಭೂವಿಜ್ಞಾನದ ಪಾಠ ಹೇಳುತ್ತಿದ್ದವಳು, ಕಲ್ಲುಬಂಡೆ ತೋರಿಸಲು ಹುಡುಗಿಯರನ್ನು ಗುಡ್ಡಗಳಿಗೆ ಕರೆದೊಯ್ಯಬೇಕೆಂದು ಮಿಲಿಟರಿ ಹರಾಜಿನಲ್ಲಿ ಒಂದು ಜೀಪು ಕೊಂಡಿದ್ದಳು. ಬೇಕೆಂದಾಗ ನಾಲ್ಕೂ ಚಕ್ರಗಳು ಎಳೆಯುವ ಜೀಪು. ಗುಡ್ಡ ಹತ್ತು ಎಂದರೆ ಗೂಳಿ, ರಸ್ತೆಯಲ್ಲಿ ಓಡು ಎಂದರೆ ಮಹಾ ಸೋಮಾರಿ. ತುಸು ವೇಗ ಹೆಚ್ಚಿದರೆ ಸಾಕು, ಗುಂಯ್ ಎಂದು ಉದ್ದಕ್ಕೂ ರಾಗ ಎಳೆಯುತ್ತಿತ್ತು. ಆ ರಾಗ ಬೇಕಾಗಿದ್ದದ್ದು ನಮ್ಮಜ್ಜಿಗೆ. ಅಜ್ಜಿಯ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬೆಳಕು ನೆರಳಷ್ಟೇ. ಸಂಜೆ ಜಗಲಿಯಲ್ಲಿ ಕೂತು ಕಿವಿಯಲ್ಲೇ ಬೀದಿ ನೋಡುತ್ತಿದ್ದಳು. ತಿರುವಿನಲ್ಲಿ ಆ ಸದ್ದು ಕೇಳಿದ್ದೇ ಎದ್ದು, ಗೋಡೆ ಸವರಿಕೊಂಡು ಒಳಹೋಗಿ ಒಲೆಯ ಮೇಲೆ ಹಾಲಿಡುವಳು. ಅತ್ತೆ ಜೀಪು ನಿಲ್ಲಿಸಿ, ಕೈಕಾಲು ತೊಳೆದು ಬರುವಷ್ಟರಲ್ಲಿ ನೊರೆಯೆದ್ದ ಕಾಫಿ ಸಿದ್ಧವಾಗಿರುತ್ತಿತ್ತು. ಮಗಳ ಆ ಒಂದು ಲೋಟ ಕಾಫಿಯನ್ನು ಅಜ್ಜಿ ನನ್ನ ಅಮ್ಮನಿಗೂ ಬಿಟ್ಟುಕೊಟ್ಟವಳಲ್ಲ. ಮನೆಯ ಬೇರೆಲ್ಲ ಕೆಲಸ ಅವಳ ಕೈತಪ್ಪಿತ್ತು, ಇದೊಂದು ಉಳಿದಿತ್ತು.

ಅತ್ತೆಗೆ ಚಿತ್ರದುರ್ಗದ ಕಡೆಯ ಬಂಡೆಗಳ ಹುಚ್ಚು ಹಿಡಿದದ್ದು ಆಗಲೇ. ಹೆದ್ದಾರಿಯಲ್ಲಿ ಜೀಪು ಅರಚುತ್ತಿತ್ತೇ ಹೊರತು ಓಡುತ್ತಿರಲಿಲ್ಲ, ಲಾರಿಗಳೆಲ್ಲ ಹಿಂದಿನಿಂದ ಹಾರ್ನ್ ಹೊಡೆದು ಮಾನ ತೆಗೆಯುತ್ತಿದ್ದವು. ಚಕ್ರದ ಅಚ್ಚಿನ ನಡುವೆ ಇರುವ ಕಬ್ಬಿಣದ ಗುಂಡಿನೊಳಗೆ ಒಂದು ದೊಡ್ಡ ಹಲ್ಲುಚಕ್ರ, ಒಂದು ಚಿಕ್ಕದು ಇರುತ್ತವೆ. ಆ ಜೋಡಿ ಬದಲಾಯಿಸಿದರೆ ಎಂಜಿನ್ ಅಷ್ಟು ಒದ್ದಾಡದೆ ಗಾಡಿ ಮುಂದೆ ಹೋಗುತ್ತದೆ ಎಂದು ಮೆಕ್ಯಾನಿಕ್ ನಂಜಪ್ಪ ಹೇಳಿದ. "ಆದ್ರೆ ಮೇಡಂ, ಹಿಂದಿಂದು ಬದಲಾಯ್ಸಿದ್ರೆ ಮುಂದಿಂದೂ ಬದಲಾಯ್ಸ್ಬೇಕು. ಇಲ್ದಿದ್ರೆ ನಾಲ್ಕೂ ಚಕ್ರ ಹಾಕ್ದಾಗ ಒಂದಕ್ಕೊಂದು ಜಗಳ ಆಡ್ತವೆ." ಎರಡು ಜೋಡಿಯನ್ನೂ ಅತ್ತೆ ಎಲ್ಲಿಂದಲೋ ಹುಡುಕಿ ತಂದಳು. ಸಂಪಿಗೆ ಮರದ ಕೆಳಗೆ ಜೀಪು ಇಟ್ಟಿಗೆಗಳ ಮೇಲೆ ಕೂತಿತು. ಈ ಕಡೆ ಜಗಲಿಯಲ್ಲಿ ಅಜ್ಜಿ, ಅಮ್ಮ, ನಾನು ಅವರೆಕಾಯಿ ಸುಲಿಯುತ್ತಿದ್ದರೆ, ಆ ಕಡೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಸೀಮೆಎಣ್ಣೆಯಲ್ಲಿ ಹಲ್ಲುಚಕ್ರ ತೊಳೆಯುತ್ತಿದ್ದಳು. ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆಂದು ನೋಡಲು ಬಣ್ಣ ಬಳಿಯಬೇಕಂತೆ. ನಂಜಪ್ಪನ ಬಳಿ ಬಣ್ಣ ಮುಗಿದಿತ್ತು. ಅತ್ತೆ ಒಳಗೆ ಹೋಗಿ ಕುಂಕುಮದ ಭರಣಿಯನ್ನೇ ತಂದು ಎಣ್ಣೆಯಲ್ಲಿ ಕಲಸಿದಳು.

"ಅತ್ತಿಗೆ, ಕುಂಕುಮಾನ ಯಾರಾದ್ರೂ ಕಬ್ಬಿಣಕ್ಕೆ ಹಚ್ತಾರೇನ್ರೀ?" ಎಂದು ಅಮ್ಮ ಕೂಗಿದಳು.

"ಆಯುಧಪೂಜೇಲಿ ಹಚ್ಚಲ್ವೇನೇ? ಇದೂ ಹಂಗೇ ಅಂದ್ಕೋ."

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆ ನಗು ನನಗೆ ಈಗಲೂ ಕೇಳಿಸುತ್ತದೆ.

ಹೊಸ ಹಲ್ಲು ಹಾಕಿದ ಜೀಪು ಮೊದಲ ಸಲ ಕಾಲೇಜಿಗೆ ಹೋಗಿ ಬಂದ ಸಂಜೆ, ಅತ್ತೆ ಗೇಟಿನೊಳಗೆ ಬಂದು ಎದುರಿಗೆ ನಿಂತರೂ ಅಜ್ಜಿ ಜಗಲಿಯಿಂದ ಎದ್ದಿರಲಿಲ್ಲ. "ಯಾರಪ್ಪಾ ಅದು?" ಎಂದಳು. ಅತ್ತೆಯ ಮುಖ ಇಳಿದುಹೋಯಿತು. ರಾಗವೇ ಹೋಗಿಬಿಟ್ಟಿತ್ತು, ಬೀದಿಯ ಬೇರೆ ಗಾಡಿಗಳ ನಡುವೆ ಅದೂ ಒಂದು ಗಾಡಿಯಾಗಿತ್ತು. ಆಮೇಲಿನ ಸಂಜೆಗಳಲ್ಲಿ ಕಾಫಿಯನ್ನು ಅಮ್ಮನೇ ಮಾಡಿದಳು. ಅಜ್ಜಿ ಪ್ರತಿಯೊಂದು ಸದ್ದಿಗೂ ಅರ್ಧ ಎದ್ದು ಮತ್ತೆ ಕೂರುವಳು. ಮಗಳು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರೂ ಅವಳ ಕಿವಿ ಬೀದಿಯ ಕಡೆಗೇ ಇರುತ್ತಿತ್ತು. ಇನ್ನೂ ಬರದ ಯಾರನ್ನೋ ಕಾಯುವಂತೆ. ನೋಡಲಾಗದೆ ಅತ್ತೆ, "ಹಳೇದನ್ನೇ ವಾಪಸ್ ಹಾಕಿಸ್ಬಿಡ್ತೀನಮ್ಮಾ" ಎಂದಳು.

"ಬೇಡ. ದೂರ ಹೋಗ್ಬೇಕು ಅಂತ ಹಾಕ್ಸಿದೀಯ, ಹೋಗು" ಎಂದುಬಿಟ್ಟಳು ಅಜ್ಜಿ.

ಮರುದಿನ ಸಂಜೆ ತಿರುವಿನಲ್ಲಿ ಗುಂಯ್ ಎಂಬ ಸದ್ದು ಕೇಳಿತು. ನಾನು ಗೇಟಿಗೆ ಓಡಿದೆ. ಅತ್ತೆ ತಿರುವಿನಲ್ಲಿ ಜೀಪು ನಿಲ್ಲಿಸಿ, ಕೆಸರಿಗೆ, ಕಡಿದಾದ ಗುಡ್ಡಗಳಿಗೆಂದೇ ಇರುವ ಚಿಕ್ಕ ಲಿವರುಗಳನ್ನು ಎಳೆದು, ನಾಲ್ಕೂ ಚಕ್ರ ಹಾಕಿ, ಅಂಗೈಯಂತೆ ಚಪ್ಪಟೆಯಾದ ನಮ್ಮ ರಸ್ತೆಯಲ್ಲಿ ಬೆಟ್ಟ ಹತ್ತುವ ಗೇರಿನಲ್ಲಿ ಬೇಕೆಂದೇ ಅರಚಿಸುತ್ತ ತೆವಳಿಸಿಕೊಂಡು ಬರುತ್ತಿದ್ದಳು. ಎದುರುಮನೆಯ ರಾಯರು ಪೇಪರ್ ಇಳಿಸಿ, "ಏನ್ ಮೇಡಂ, ನಮ್ ರೋಡಲ್ಲಿ ಬೆಟ್ಟ ಎಲ್ಲಿದೆ?" ಎಂದರು. ಅತ್ತೆ ನಕ್ಕು ಜೀಪನ್ನು ಗೇಟಿನತ್ತ ತಿರುಗಿಸಿದಳು. ಒಳಗೆ ಒಲೆಯ ಮೇಲೆ ಹಾಲು ಕೂತಿತ್ತು.

ವರ್ಷಗಳ ಕಾಲ ಹಾಗೇ ನಡೆಯಿತು. ಅಜ್ಜಿ ಮೋಸ ಹೋದಳೆಂದೇ ನಾವೆಲ್ಲ ನಂಬಿದ್ದೆವು. ಒಮ್ಮೆ ಡಿಕಾಕ್ಷನ್ ಬಗ್ಗಿಸುತ್ತ ನನಗೊಬ್ಬಳಿಗೇ ಹೇಳಿದಳು: "ಅದು ಬೇರೆ ಸದ್ದು ಕಣೇ ಪುಟ್ಟಿ. ನಂಗೊತ್ತಾಗಲ್ವೇ? ನನಗೋಸ್ಕರ ಅಷ್ಟು ದೂರದಿಂದ ಕೂಗಿಸ್ಕೊಂಡು ಬರ್ತಾಳೆ, ನಾನು ಹಾಲಿಡ್ದೇ ಇರ್ಲಾ? ನೀನೇನೂ ಹೇಳ್ಬೇಡ ಅವಳಿಗೆ."

ನಾನು ಹೇಳಲಿಲ್ಲ. ಈಗ ಹೇಳೋಣವೆಂದರೆ ಅತ್ತೆಯೂ ಇಲ್ಲ. ಜೀಪು ಯಾರ ಕೈ ಸೇರಿತೋ, ಅಂಗಳವಿದ್ದಲ್ಲಿ ಫ್ಲ್ಯಾಟುಗಳ ಪಾರ್ಕಿಂಗ್ ಇದೆ. ಗಾಂಧಿ ಬಜಾರಿನಲ್ಲಿ ಅವರೆಕಾಯಿ ರಾಶಿ ಬಿದ್ದಾಗಲೆಲ್ಲ ನನಗೆ ತುಂಬಾ ಸಂಕಟವಾಗುತ್ತದೆ. ಒಂದು ಸಂಜೆ ಮಾತ್ರ ಎಲ್ಲಿಗೂ ಹೋಗಿಲ್ಲ. ಅಜ್ಜಿಯ ವೈಕುಂಠ ಸಮಾರಾಧನೆ ಮುಗಿದು ಅತ್ತೆ ಮತ್ತೆ ಕಾಲೇಜಿಗೆ ಹೋದ ದಿನ. ಜಗಲಿ ಖಾಲಿಯಿತ್ತು. ತಿರುವಿನಲ್ಲಿ ಜೀಪು ನಿಂತದ್ದು ಕೇಳಿಸಿತು. ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಗುಂಯ್ ಎನ್ನುತ್ತ ನಿಧಾನವಾಗಿ ಹೊರಟಿತು.

ನಾನು ಎದ್ದು ಒಳಗೆ ಹೋಗಿ ಹಾಲಿಟ್ಟೆ.