ಎರಡು ಸಲ ದೊಡ್ಡದಾದ ಉಂಗುರ

ಪ್ರಶ್ನೆಗಳ ಹಾಳೆಯಲ್ಲಿ ‘ಊತ ಇಲ್ಲ’ ಎನ್ನುವ ಕಡೆ ಗುರುತು ಹಾಕಲು ಪೆನ್ನು ಊರಿದ್ದೆ. ಎದುರಿಗೆ ಎಂಟು ತಿಂಗಳ ಬಸುರಿ, ಪಕ್ಕದಲ್ಲಿ ಅವಳತ್ತೆ. ಬಸುರಿಯರಿಗೆ ಬಿ.ಪಿ. ಏಕೆ ಏರುತ್ತದೆ ಎಂಬ ಸಂಶೋಧನೆಗೆ ಶ್ರೀರಂಗಪಟ್ಟಣದ ಸುತ್ತ ಮನೆಮನೆ ತಿರುಗಿ ಮಾಹಿತಿ ಬರೆಯುವುದು ನನ್ನ ಕೆಲಸ. ಅಂದು ಹೋಗಿದ್ದು ಗಂಜಾಂನ ಅಕ್ಕಸಾಲಿಗರೊಬ್ಬರ ಮನೆಗೆ.

“ಊತ ಎಲ್ಲೈತೆ? ಮೈ ತುಂಬ್ಕೊಂಡವ್ಳೆ. ನೀನು ಕಣ್ ಹಾಕ್ಬೇಡ ಕಣವ್ವ,” ಎಂದು ಅತ್ತೆ ನಕ್ಕರು. ಸೊಸೆ ಉಂಗುರದ ಬೆರಳನ್ನು ತಿಕ್ಕಿಕೊಳ್ಳುತ್ತಿದ್ದಳು.

ಜಗಲಿಯಲ್ಲಿ ಬೆಳ್ಳಿ ಉಜ್ಜುತ್ತಿದ್ದ ಮಾವ ತಲೆ ಎತ್ತದೆಯೇ ಹೆಂಡತಿಗೆ ಅಂದರು: “ಯಾಕಮ್ಮಿ ಸುಳ್ ಬರಸ್ತೀಯೆ? ಹದಿನೈದ್ ದಿನ್ದಲ್ಲಿ ಇವಳ ಉಂಗ್ರನ ಎರಡ್ ಸತಿ ದೊಡ್ದು ಮಾಡಿವ್ನಿ. ಈಗ್ಲೂ ಬಿಗಿ ಅಂತಾವ್ಳೆ.”

ಕೈ ದಿಢೀರನೆ ಊದಿಕೊಂಡರೆ ಬಿ.ಪಿ. ಏರಿರಬಹುದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಪೆನ್ನು ಮುಚ್ಚಿ, ಈಗಲೇ ಆಸ್ಪತ್ರೆಗೆ ಹೋಗೋಣ ಎಂದೆ. ಅತ್ತೆ ಗೊಣಗಿದರು, ಮಾವ ಕೈ ಒರೆಸಿಕೊಂಡು ಆಟೋ ಕರೆತಂದರು. ಬಿ.ಪಿ. ವಿಪರೀತ ಏರಿತ್ತು. ಇನ್ನೂ ತಡವಾಗಿದ್ದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರಿಗೂ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ಅಲ್ಲೇ ಉಳಿಸಿಕೊಂಡು ನೋಡಿಕೊಂಡರು. ವಾರದ ಮೇಲೆ ಹೆಣ್ಣುಮಗು ಹುಟ್ಟಿತು. ಸಣ್ಣದು, ಆದರೆ ಅಳು ಮಾತ್ರ ಜೋರು.

ಗದ್ದೆ ಕೆಲಸ ಮಾಡಿಕೊಂಡೇ ಓದಿ, ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಆ ಹೆಮ್ಮೆ ಎಲ್ಲೂ ಹೋಗಿಲ್ಲ. ಆದರೆ ಓದಿದ ನನಗೆ ಕಾಣದ ಊತ ಅಕ್ಕಸಾಲಿಗರಿಗೆ ಕಂಡ ಆ ದಿನದಿಂದ, ಹಾಳೆಯಲ್ಲಿರುವ ಪ್ರಶ್ನೆಗಳು ಮುಗಿದ ಮೇಲೂ ನಾನು ಏಳುವುದಿಲ್ಲ. ಅಲ್ಲಿಲ್ಲದ ಇನ್ನೊಂದನ್ನು ಕೇಳುತ್ತೇನೆ: “ಅಕ್ಕ, ಉಂಗ್ರ ಬಿಗಿ ಆಗೈತಾ?”