ಹುಳುಮನೆಗೆ ಬಂದ ನೆಲದ ಶಾಖ

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಎದೆ ಹಿಡಿದುಕೊಳ್ಳುವವಳು. ಎರಡು ಸಾವಿರದ ಇಸವಿ ದಾಟಿದ ಹೊಸತು, ಶಿಡ್ಲಘಟ್ಟದ ಪಕ್ಕದ ನಮ್ಮ ತೋಟದಲ್ಲಿ ಕೊರೆಸಿದ ಬೋರ್‌ವೆಲ್‌ನಿಂದ ಬೆಚ್ಚಗಿನ ನೀರು ಬಂದಾಗ ಎಲ್ಲರಿಗಿಂತ ಮೊದಲು ಹಿಂದಕ್ಕೆ ಓಡಿದವಳು ನಾನೇ. ಕೊಳವೆ ಸಾವಿರ ಅಡಿ ದಾಟಿ ಇಳಿದಿತ್ತು. ನೀರು ಹೆಚ್ಚೇನೂ ಇರಲಿಲ್ಲ, ಆದರೆ ಮಗುವಿಗೆ ಎರೆಯುವಷ್ಟು ಬೆಚ್ಚಗಿತ್ತು. ನೋಡಲು ಬಂದವರೆಲ್ಲ ಕೈಯೊಡ್ಡಿ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಕೆಳಗೆ ಏನೋ ಕುದಿಯುತ್ತಿದೆ, ಅದು ಮೇಲೆ ಬರಲು ನಾವೇ ದಾರಿ ಮಾಡಿಕೊಟ್ಟೆವು ಅಂತ ಅನ್ನಿಸಿಬಿಟ್ಟಿತು. ಪಂಪ್‌ಸೆಟ್ಟಿನ ಹತ್ತಿರ ಹೋದಾಗಲೆಲ್ಲ ಕಾಲ ಕೆಳಗಿನ ನೆಲ ನಡುಗುತ್ತಿದೆಯೇನೋ ಎಂದು ನಿಂತು ನೋಡುತ್ತಿದ್ದೆ.

ನಮ್ಮ ಯಜಮಾನರಿಗೆ ಇದೇ ಹಬ್ಬವಾಯಿತು. ಕೆಲವು ದೇಶಗಳಲ್ಲಿ ಭೂಮಿಯೊಳಗಿನ ಶಾಖದಿಂದಲೇ ಕರೆಂಟು ತಯಾರಿಸುತ್ತಾರೆ, ಅದಕ್ಕೆ ಕಲ್ಲಿದ್ದಲು ಬೇಡ, ಹೊಗೆ ಇಲ್ಲ, ಎಷ್ಟು ತೆಗೆದರೂ ಮುಗಿಯುವುದಿಲ್ಲ ಎಂದು ಎಲ್ಲೋ ಪೇಪರಿನಲ್ಲಿ ಓದಿದ್ದರು. ಅದನ್ನೇ ಜಪ ಮಾಡತೊಡಗಿದರು. ನಮ್ಮ ನೀರಿನಿಂದ ಕರೆಂಟು ಬರುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆದರೆ ರೇಷ್ಮೆ ಹುಳುಗಳಿಗೆ ಚಳಿಗಾಲದಲ್ಲಿ ಬೇಕಾದದ್ದು ಸ್ವಲ್ಪ ಬಿಸುಪು ಅಷ್ಟೇ. ಹಳೇ ಕಬ್ಬಿಣದ ಪೈಪುಗಳನ್ನು ಜೋಡಿಸಿ ಹುಳುಮನೆಯೊಳಗೆ ಗೋಡೆಯ ಬುಡದಲ್ಲಿ ಸುತ್ತ ಓಡಿಸಿದರು. ಬೆಚ್ಚಗಿನ ನೀರು ಪೈಪಿನಲ್ಲಿ ಒಂದು ಸುತ್ತು ಹಾಕಿ, ಬಾಗಿಲ ಪಕ್ಕದ ತೂತಿನಿಂದ ಹೊರಬಿದ್ದು ಹಿಪ್ಪುನೇರಳೆಗೆ ಹರಿಯುತ್ತಿತ್ತು. ಬಂದ ಶಾಖ ಚೂರೂ ಆಚೆ ಹೋಗಬಾರದೆಂದು ಹೆಂಚಿನ ಸಂದಿಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿ, ಕಿಟಕಿಗೆ ಮೈದಾ ಅಂಟಿನಲ್ಲಿ ಪೇಪರು ಮೆತ್ತಿದರು.

ಅತ್ತೆಗೆ ಇದು ಹಿಡಿಸಲಿಲ್ಲ. ಅವರು ಮದುವೆಯಾಗಿ ಬಂದಾಗಿನಿಂದ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಹುಳು ಸಾಕಿದವರು. ಮಣ್ಣಿನೊಳಗಿನ ಬಿಸಿಯನ್ನು ನಂಬಿಕೊಂಡು ಬೆಳೆ ತೆಗೆಯುವುದುಂಟೇ ಎಂದು ಗೊಣಗಿದರು. ಆದರೂ ಕೋಣೆ ಬೆಚ್ಚಗಾದಾಗ ಅಗ್ಗಿಷ್ಟಿಕೆಯನ್ನು ಹಿತ್ತಿಲಿಗೆ ಸಾಗಿಸಿದರು. ನಾನು ಬಾಗಿಲ ಪಕ್ಕ ಹೊರಚಾಚಿದ ಪೈಪಿನ ಮೇಲೆ ಅಂಗೈ ಇಟ್ಟು, ಜ್ವರದ ಮಗುವಿನ ಹಣೆ ಮುಟ್ಟಿದಂತೆ, ಬಿಸಿ ಜಾಸ್ತಿಯಾಗಿದೆಯೇ ಎಂದು ದಿನಾ ನೋಡುತ್ತಿದ್ದೆ. ಒಂದು ದಿನ ಅದು ಸಿಡಿಯುತ್ತದೆ ಅನ್ನುವುದೇ ನನ್ನ ನಂಬಿಕೆ.

ಈ ಏರ್ಪಾಡಿನಲ್ಲಿ ಒಂದು ಹುಳುಕಿತ್ತು. ಭೂಮಿಯ ಶಾಖ ಎಂದೂ ಮುಗಿಯದಿರಬಹುದು, ಅದನ್ನು ಮೇಲೆತ್ತುವ ಮೋಟರಿಗೆ ಮಾತ್ರ ಕರೆಂಟು ಬೇಕಿತ್ತು. ಡಿಸೆಂಬರಿನ ಒಂದು ದಿನ, ಜಿಟಿಜಿಟಿ ಮಳೆಯಲ್ಲಿ ಟ್ರಾನ್ಸ್‌ಫಾರ್ಮರು ಸುಟ್ಟುಹೋಯಿತು. ಯಜಮಾನರು ದೂರು ಹೇಳಲು ಹೋದರು. ಪೈಪು ತಣ್ಣಗಾಯಿತು.

ಅವತ್ತು ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುವುದನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ. ಆಗ ಹುಳುಮನೆಯ ಬಾಗಿಲು ತೆರೆಯುವಂತಿಲ್ಲ, ಗಾಳಿ ಆಡುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ನಮ್ಮ ಮನೆಯಲ್ಲಿ ಅತ್ತೆಯೊಬ್ಬರೇ ಒಳಗಿರುತ್ತಿದ್ದರು.

ಮಧ್ಯಾಹ್ನ ಸೊಪ್ಪು ಕೊಯ್ದು ಬಂದು ಅಡುಗೆಮನೆಗೆ ಹೋದೆ. ಒಲೆಯಲ್ಲಿ ಒಂದು ಕೆಂಡವೂ ಇರಲಿಲ್ಲ. ಅನ್ನ ಬಸಿದು, ಕೆಂಡ ಮುಚ್ಚಿಟ್ಟು ಹೋಗಿದ್ದೆ. ಹಿತ್ತಿಲಿಗೆ ಬಂದರೆ ಅಗ್ಗಿಷ್ಟಿಕೆ ಇಟ್ಟಿದ್ದ ಜಾಗ ಖಾಲಿ. ಅತ್ತೆ ಅದನ್ನು ಹೊತ್ತಿಸಿಕೊಂಡು ಒಳಗೆ ಹೋಗಿದ್ದಾರೆ ಅಂತ ತಿಳಿಯಿತು. ಮೊದಲಾದರೆ ಹೆದರುವಂಥದ್ದೇನಲ್ಲ. ಆದರೆ ಮೊದಲು ಹೆಂಚಿನ ಸಂದಿಗಳು ತೆರೆದಿದ್ದವು, ಇದ್ದಿಲ ವಿಷಗಾಳಿ ಆಚೆ ಹೋಗುತ್ತಿತ್ತು.

ಬಾಗಿಲ ಮುಂದೆ ನಿಂತು ಮೆಲ್ಲಗೆ ಕರೆದೆ. ಉತ್ತರವಿಲ್ಲ. ಜ್ವರದ ಹೊತ್ತಿನಲ್ಲಿ ಅವರು ಉತ್ತರ ಕೊಡುವವರೂ ಅಲ್ಲ. ಕಿವಿಯಿಟ್ಟೆ, ಬಳೆ ಸದ್ದೂ ಇಲ್ಲ. ಬಾಗಿಲು ತೆಗೆದು, ಅವರು ಸುಮ್ಮನೆ ಕೂತಿದ್ದರೆ, ಚಳಿಗಾಳಿ ಬಿಟ್ಟು ಬೆಳೆ ಹಾಳು ಮಾಡಿದ ಸೊಸೆ ಎಂಬ ಮಾತು ಜನ್ಮಕ್ಕೂ ತಪ್ಪುವುದಿಲ್ಲ. ತೆಗೆಯದಿದ್ದರೆ? ಅಷ್ಟು ದಿನ ನೆಲದ ಕೆಳಗೆ ಹುಡುಕಿದ ಭಯ ಈ ಬಾಗಿಲ ಹಿಂದೆ ಇತ್ತು.

ಭುಜ ಕೊಟ್ಟು ತಳ್ಳಿದೆ. ಒಳಗೆ ಹೊಗೆಯೇ ಇರಲಿಲ್ಲ. ಹಿತವಾದ ಬಿಸಿ, ತಟ್ಟೆಗಳ ತುಂಬ ತಲೆ ಎತ್ತಿ ಕೂತ ಹುಳುಗಳು, ಗೋಡೆಗೆ ಒರಗಿ ನಿದ್ದೆ ಹೋದಂತೆ ಅತ್ತೆ. ಕೆನ್ನೆ ತಟ್ಟಿದರೆ ಕತ್ತು ಅತ್ತ ವಾಲಿತು. ಅವರು ನನಗಿಂತ ದಪ್ಪ. ಹೇಗೆ ಎಳೆದೆನೋ ಗೊತ್ತಿಲ್ಲ, ಕಂಕುಳಿಗೆ ಕೈ ಹಾಕಿ ಮಳೆ ಬೀಳುತ್ತಿದ್ದ ಅಂಗಳಕ್ಕೇ ತಂದು ಹಾಕಿದೆ. ಸತ್ತರು ಅಂತಲೇ ಅಂದುಕೊಂಡೆ. ಹೆಸರು ಹಿಡಿದು ಕರೆದೆ, ಸೊಸೆ ಕರೆಯಬಾರದ ಹೆಸರು.

ಕೊನೆಗೆ ಕೆಮ್ಮಿದರು, ವಾಂತಿ ಮಾಡಿಕೊಂಡರು. ಕಣ್ಣು ಅರ್ಧ ತೆರೆದು ತವರಿನ ತೆಲುಗಿನಲ್ಲಿ ಅಂದರು.

"ತಲುಪೆಯ್ಯಿ. ಪುರುಗುಲಕು ಗಾಲಿ ತಗುಲುತುಂದಿ."

ಬಾಗಿಲು ಹಾಕು, ಹುಳುಗಳಿಗೆ ಗಾಳಿ ತಗುಲುತ್ತದೆ ಅಂತ. ನಾನು ಹಾಕಲಿಲ್ಲ. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜೋರಾಗಿ ಅತ್ತುಬಿಟ್ಟೆ, ಅಕ್ಕಪಕ್ಕದ ತೋಟದವರು ಓಡಿಬರುವಷ್ಟು ಜೋರಾಗಿ. ಆ ತೋಟದವರೇ ಆಟೋ ತರಿಸಿ ಅತ್ತೆಯನ್ನು ಶಿಡ್ಲಘಟ್ಟದ ಆಸ್ಪತ್ರೆಗೆ ಸಾಗಿಸಿದರು.

ಆ ಬೆಳೆಯ ಹುಳುಗಳು ಜ್ವರದಿಂದ ಸರಿಯಾಗಿ ಏಳಲಿಲ್ಲ. ಅತ್ತೆ ಅದಕ್ಕೆ ನನ್ನನ್ನು ದೂರಲಿಲ್ಲ. ಯಜಮಾನರು ಏಣಿ ಹತ್ತಿ, ಯಾರ ಮುಖವನ್ನೂ ನೋಡದೆ, ಹೆಂಚಿನ ಸಂದಿಯ ಪ್ಲಾಸ್ಟಿಕ್ಕನ್ನು ಕಿತ್ತುಹಾಕಿದರು. ಪೈಪು ಉಳಿಯಿತು. ಅಗ್ಗಿಷ್ಟಿಕೆಯನ್ನು ನಾನು ಗುಜರಿಯವನಿಗೆ ಕೊಟ್ಟೆ.

ಮುಂದಿನ ಬೆಳೆಯ ಜ್ವರಕ್ಕೆ ಒಳಗೆ ಹೋಗುವ ಮುಂಚೆ ಅತ್ತೆ ನನ್ನನ್ನು ನೋಡಿ, "ಬಾಗಿಲು ತಟ್ಬೇಡ ಕಣಮ್ಮ, ಹುಳ ಬೆಚ್ತವೆ. ಪೈಪು ತಟ್ಟು, ನಾನೂ ತಟ್ತೀನಿ," ಅಂದರು.

ಸೊಪ್ಪಿಗೆ ಹೋಗುವಾಗ ಪೈಪಿನ ಮೇಲೆ ಅಂಗೈ ಇಡುತ್ತಿದ್ದೆ. ಬೆಚ್ಚಗಿರುತ್ತಿತ್ತು. ಆ ಬಿಸಿಗೆ ಆಮೇಲೆ ನಾನು ಹೆದರಲಿಲ್ಲ. ಉಂಗುರದಿಂದ ಒಮ್ಮೆ ತಟ್ಟಿ ಕಾಯುತ್ತಿದ್ದೆ. ಒಳಗಿನಿಂದ ಅವರ ಬಳೆ ತಟ್ಟುವವರೆಗೂ ನನ್ನ ಇನ್ನೊಂದು ಕೈ ಬಾಗಿಲ ಮೇಲೆ ಇರುತ್ತಿತ್ತು.