ಹಿಡಿದ ಕೈಯಲ್ಲಿ ಮುರಿದ ತೋಳು

೧೯೨೭ರಲ್ಲಿ ನಾನು ಕಡೂರು ಜಿಲ್ಲೆಯ ಅಜ್ಜಂಪುರದ ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಹುದ್ದೆಯ ಹೆಸರು ಉದ್ದವಾಗಿತ್ತೇ ಹೊರತು ನನ್ನ ಜೊತೆಗಿದ್ದವರು ಒಬ್ಬ ಕಾಂಪೌಂಡರ್ ಮತ್ತು ಒಬ್ಬ ಮಿಡ್‌ವೈಫ್ ಅಷ್ಟೆ. ಚಳಿಜ್ವರಕ್ಕೆ ಕ್ವಿನೈನ್ ಕೊಡುವುದು, ಕುರು ಕೊಯ್ಯುವುದು, ಮರದಿಂದ ಬಿದ್ದವರಿಗೆ ಪಟ್ಟಿ ಕಟ್ಟುವುದು, ಇದರಲ್ಲೇ ದಿನ ಕಳೆಯುತ್ತಿತ್ತು. ಕ್ಯಾನ್ಸರ್ ಬಗ್ಗೆ ಪರೀಕ್ಷೆಗೆಂದು ಚೆನ್ನಾಗಿಯೇ ಓದಿಕೊಂಡಿದ್ದೆ, ನೋಡಿದ್ದು ಮಾತ್ರ ಕಡಿಮೆ.

ಆ ಬೇಸಿಗೆಯಲ್ಲಿ ಶಿವನಿ ಕಡೆಯ ಹಳ್ಳಿಯೊಂದರಿಂದ ಗೌರಮ್ಮ ಎಂಬ, ನಲವತ್ತರ ಆಸುಪಾಸಿನ ಹೆಂಗಸನ್ನು ಗಾಡಿಯಲ್ಲಿ ಕರೆತಂದರು. ಬಲತೋಳಿನ ಮೂಳೆ ಮುರಿದಿತ್ತು. ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು ಅಚ್ಚುಕಟ್ಟಾಗಿಯೇ ಕಟ್ಟಿದ್ದರು, ಆದರೂ ಕೂಡಿಕೊಂಡಿರಲಿಲ್ಲ. ಆಕೆಯನ್ನು ಗಾಡಿಯಿಂದ ಇಳಿಸಿದವರು ತರೀಕೆರೆಯಿಂದ ಬಂದಿದ್ದ ಅಣ್ಣ ಬಸಪ್ಪ. ಗಂಡ ಶಿವಣ್ಣ, ತೆಂಗಿನ ತೋಟವಿದ್ದ ಗಟ್ಟಿ ಆಳು, ಎತ್ತಿನ ಹಗ್ಗ ಹಿಡಿದು ದೂರದಲ್ಲೇ ನಿಂತಿದ್ದರು.

"ಹೇಗೆ ಮುರಿಯಿತು?" ಎಂದು ಕೇಳಿದೆ.

"ಅವರ್ನೇ ಕೇಳಿ ಸ್ವಾಮಿ," ಎಂದು ಬಸಪ್ಪ ಶಿವಣ್ಣನ ಕಡೆ ಕೈ ತೋರಿಸಿದರು.

ಶಿವಣ್ಣ ತಲೆ ಎತ್ತದೆ ಹೇಳಿದರು: "ನೆಂಟ್ರ ಮನೆ ನಾಮಕರಣಕ್ಕೆ ಹೊರಟಿದ್ವಿ. ಗಾಡಿ ಹತ್ತಿಸೋಕೆ ಅಂತ ಕೈ ಹಿಡ್ದೆ. ಲಟಕ್ ಅಂತು. ನನ್ ಕೈಲೇ ಮುರ್ದೋಯ್ತು ಸ್ವಾಮಿ."

ಊರಿನಲ್ಲಿ ಈ ಮಾತನ್ನು ಯಾರೂ ನಂಬಿರಲಿಲ್ಲ. ಹೊಡೆದು ಮುರಿದಿದ್ದಾನೆ, ಈಗ ಕತೆ ಕಟ್ಟುತ್ತಿದ್ದಾನೆ ಎಂದೇ ಎಲ್ಲರೂ ಆಡಿಕೊಳ್ಳುತ್ತಿದ್ದರು. ಅಣ್ಣ ತಂಗಿಯನ್ನು ತವರಿಗೆ ಕರೆದೊಯ್ಯಲು ನಿಂತಿದ್ದರು. ಶಿವಣ್ಣನೂ ಬೇಡವೆನ್ನಲಿಲ್ಲ. ತನ್ನ ಒರಟು ಕೈಯೇ ಹೆಂಡತಿಯ ತೋಳು ಮುರಿಯಿತೆಂದು ಆತ ನಿಜವಾಗಿ ನಂಬಿದ್ದರು, ಅಂದಿನಿಂದ ಆಕೆಯನ್ನು ಮುಟ್ಟಿಯೇ ಇರಲಿಲ್ಲ. ಗಂಡನ ಮನೆ ಬಿಟ್ಟು ಹೋಗುವುದಿಲ್ಲ ಎನ್ನುತ್ತಿದ್ದವರು ಗೌರಮ್ಮ ಒಬ್ಬರೇ.

ಪಟ್ಟಿ ಬಿಚ್ಚುವಾಗ ಮಿಡ್‌ವೈಫ್ ನನ್ನನ್ನು ಹೊರಗೆ ಕರೆದು, ಎಡ ಸ್ತನದಲ್ಲಿ ಕಲ್ಲಿನಂಥ ಗಂಟಿದೆ ಎಂದರು. ಎರಡು ವರ್ಷದಿಂದ ಇತ್ತಂತೆ. ನೋವಿರಲಿಲ್ಲ, ಹೇಳಲು ನಾಚಿಕೆ, ಹಾಗಾಗಿ ಸೆರಗಿನ ಮರೆಯಲ್ಲೇ ಉಳಿದಿತ್ತು. ತೋಳು ಮುರಿದದ್ದೇಕೆಂದು ನನಗೆ ಆಗ ಹೊಳೆಯಿತು. ಸ್ತನದ ಕ್ಯಾನ್ಸರಿನ ಕಣಗಳು ರಕ್ತದೊಡನೆ ಹೊರಟು ಬೆನ್ನು, ತೊಡೆ, ತೋಳುಗಳ ಮೂಳೆಯಲ್ಲಿ ನೆಲೆ ನಿಲ್ಲುವುದುಂಟು. ಅಲ್ಲಿ ಬೆಳೆಯುತ್ತಾ ಮೂಳೆಯನ್ನು ಒಳಗಿನಿಂದ ಸವೆಸುತ್ತವೆ. ಅಂಥ ಮೂಳೆ ಏಟು ಬೀಳದೆಯೂ ಮುರಿಯುತ್ತದೆ.

ಶಿವಣ್ಣನನ್ನು ಕೂರಿಸಿಕೊಂಡು, ಒಳಗೆ ಹುಳ ತಿಂದ ತೆಂಗಿನ ಮರ ಸಣ್ಣ ಗಾಳಿಗೂ ಬೀಳುವುದಿಲ್ಲವೇ, ಇದೂ ಹಾಗೆಯೇ ಎಂದೆ. ಬಹಳ ಚೆನ್ನಾಗಿ ಹೇಳಿದೆ ಎಂದುಕೊಂಡಿದ್ದೆ.

"ಗಾಳಿ ಬೀಸ್ದೇ ಇದ್ದಿದ್ರೆ ಇನ್ನೊಂದಷ್ಟು ದಿನ ನಿಂತಿರ್ತಿತ್ತಲ್ವಾ ಸ್ವಾಮಿ," ಎಂದರು ಅವರು.

ತೊಡೆಯೂ ನೋಯುತ್ತದೆ ಎಂದು ಗೌರಮ್ಮ ಹೇಳಿದ್ದರಿಂದ ತೋಳು, ತೊಡೆ ಎರಡನ್ನೂ ಎಕ್ಸ್-ರೇ ಮಾಡಿಸಲು ರೈಲಿನಲ್ಲಿ ಬೆಂಗಳೂರಿಗೆ ಕಳಿಸಿದೆ. ಆಕೆ ಮರಳಿ ಬಂದಾಗ ಎಕ್ಸ್-ರೇ ತೆಗೆದ ಗಾಜಿನ ಪ್ಲೇಟುಗಳೊಂದಿಗೆ ಅಲ್ಲಿನ ಸರ್ಜನರ ಅಭಿಪ್ರಾಯವೂ ಬಂತು: ಹರಡಿದ ಮೇಲೆ ಸ್ತನ ಕೊಯ್ದು ಫಲವಿಲ್ಲ, ಮೂಳೆಗಳಿಗೆ ಆಸರೆ ಕೊಡಿ, ನೋವಿಗೆ ಮಾರ್ಫಿಯಾ ಕೊಡಿ. ಆ ಕಾಲಕ್ಕೆ ನಮ್ಮ ಕೈಲಿದ್ದ ಚಿಕಿತ್ಸೆ ಅಷ್ಟೇ. ಈಗಾದರೆ ಕಿರಣ ಹಾಯಿಸಿ ನೋವು ತಗ್ಗಿಸುತ್ತಾರೆ, ಮೂಳೆಯೊಳಗೆ ಲೋಹದ ಸರಳು ಕೂರಿಸುತ್ತಾರೆ, ಹಾರ್ಮೋನ್ ಔಷಧಿಗಳೂ ಬಂದಿವೆ.

ತೊಡೆಯ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಸಪ್ಪ, ಶಿವಣ್ಣ ಇಬ್ಬರಿಗೂ ತೋರಿಸಿದೆ. ಮೂಳೆಯ ನಡುವೆ ಇಲಿ ಕಚ್ಚಿದಂಥ ಗುರುತುಗಳಿದ್ದವು.

"ಇದನ್ನು ಯಾರು ಹಿಡಿದು ಎಳೆದಿದ್ದರು?" ಎಂದು ಕೇಳಿದೆ.

ಬಸಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಶಿವಣ್ಣನ ಹೆಗಲ ಮೇಲೆ ಕೈಯಿಟ್ಟು, "ತಪ್ಪು ತಿಳ್ಕೊಂಡ್ಬಿಟ್ಟೆ ಕಣಪ್ಪಾ," ಎಂದು ಅತ್ತುಬಿಟ್ಟರು. ನನಗೂ ಕಣ್ಣು ತುಂಬಿತು.

ಆದರೆ ಶಿವಣ್ಣನ ಹೆದರಿಕೆ ಇಮ್ಮಡಿಯಾಯಿತು. "ಹಂಗಾದ್ರೆ ತೊಡೆನೂ ಮುರೀತದೆ. ನಾನು ಮುಟ್ಟಾಕಿಲ್ಲ. ತವರಲ್ಲಿ ಹೆಂಗಸ್ರು ಅವ್ರೆ, ನೋಡ್ಕೋತಾರೆ," ಎಂದು ಎದ್ದುಬಿಟ್ಟರು.

ಒಳಗಿನ ಮಂಚದಿಂದ ಗೌರಮ್ಮನ ದನಿ ಕೇಳಿಸಿತು. "ಏನ್ರೀ, ಇಲ್ಲಿ ಬನ್ನಿ." ಆತ ಬಾಗಿಲವರೆಗೆ ಹೋಗಿ ನಿಂತರು. "ನಂಗೆಲ್ಲಾ ಗೊತ್ತಾಯ್ತು. ಇನ್ನು ಜಾಸ್ತಿ ದಿನ ಇಲ್ಲ. ಮುರಿಯೋದಾದ್ರೆ ನಿಮ್ ಕೈಲೇ ಮುರೀಲಿ ಕಣ್ರೀ. ನೀವು ದೂರ ನಿಂತಿರೋದೇ ನಂಗೆ ತಡೆಯಕ್ಕಾಗ್ತಿಲ್ಲ."

ನನ್ನ ನಿಜವಾದ ಕೆಲಸ ಆಗ ಶುರುವಾಯಿತು. ಸವೆದ ಮೂಳೆಯ ರೋಗಿಯನ್ನು ಎತ್ತುವುದಕ್ಕೂ ಒಂದು ಕ್ರಮವಿದೆ: ಎಳೆಯಬಾರದು, ತಿರುಚಬಾರದು, ಸೊಂಟ ಮತ್ತು ಮಂಡಿಯ ಕೆಳಗೆ ಅಂಗೈ ತೂರಿಸಿ ಇಡೀ ಕಾಲನ್ನು ಒಟ್ಟಿಗೆ ಎತ್ತಬೇಕು, ಇಬ್ಬದಿಗೂ ಮರಳಿನ ಚೀಲದ ಆಸರೆ ಕೊಡಬೇಕು. ಬಾಯಲ್ಲಿ ಹೇಳಿದರೆ ಶಿವಣ್ಣ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಕೊನೆಗೆ ನಾನೇ ಪಕ್ಕದ ಮಂಚದ ಮೇಲೆ ಮಲಗಿ, "ಮೊದಲು ನನ್ನ ಕಾಲು ಎತ್ತಿ, ಮುರಿದರೆ ಸರ್ಕಾರ ನೋಡಿಕೊಳ್ಳುತ್ತದೆ," ಎಂದೆ. ಕಾಂಪೌಂಡರ್ ಗೋಡೆಗೆ ತಿರುಗಿ ನಗು ತಡೆದುಕೊಂಡ. ಗೌರಮ್ಮ ತಡೆದುಕೊಳ್ಳಲಿಲ್ಲ. "ಡಾಕ್ಟ್ರು ತೆಂಗಿನಕಾಯಿ ಮೂಟೆ ಅಲ್ಲ ಕಣ್ರೀ, ಮೆಲ್ಲಗೆ!" ಎಂದು ನಕ್ಕರು. ಮೂರು ದಿನ ನನ್ನನ್ನು ಎತ್ತಿ ಇಳಿಸಿದ ಮೇಲೆ ಶಿವಣ್ಣ ಆಕೆಯ ಮಂಚದ ಬಳಿ ಹೋಗಿ ಕೈ ಹಾಕಿದರು. ಆಕೆ ನೋವಿಗೆ ಹಲ್ಲು ಕಚ್ಚಿದರೂ ಕೂಗಲಿಲ್ಲ.

ಗೌರಮ್ಮ ಗಂಡನ ಮನೆಗೇ ಹೋದರು. ಬಸಪ್ಪ ಆಗಾಗ ತರೀಕೆರೆಯಿಂದ ಬಂದು ತಂಗಿಯ ಜೊತೆ ಇರುತ್ತಿದ್ದರು. ಮಾರ್ಫಿಯಾ ಕೊಡಲು ನಾನು ಸೈಕಲ್ಲಿನಲ್ಲಿ ಹೋದಾಗಲೆಲ್ಲ ಶಿವಣ್ಣ ಆಕೆಯನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ಒರೆಸಿ, ಹುಣ್ಣಾಗದಂತೆ ಪುಡಿ ಹಾಕಿಟ್ಟಿರುತ್ತಿದ್ದರು. ಅಷ್ಟು ಹಗುರವಾದ ಕೈಯನ್ನು ನಾನು ದೊಡ್ಡ ಆಸ್ಪತ್ರೆಗಳಲ್ಲೂ ಕಂಡಿಲ್ಲ. ವಾಸಿಯಾಗದ ಕಾಯಿಲೆಯೆಂದು ತಿಳಿದ ಮೇಲೂ ವೈದ್ಯನಿಗೆ ಕೆಲಸವಿರುತ್ತದೆ, ಅದರಲ್ಲಿ ಮುಖ್ಯವಾದದ್ದು ಮನೆಯವರ ಹೆದರಿಕೆ ಬಿಡಿಸುವುದು ಎಂಬುದನ್ನು ನಾನು ಕಲಿತದ್ದು ಆ ಮನೆಯಲ್ಲಿ. ಮುಂದೆ ಎಲ್ಲಿಗೆ ವರ್ಗವಾದರೂ ಇಂಥ ರೋಗಿ ಬಂದಾಗ, ಇವರನ್ನು ಎತ್ತುವವರು ಯಾರು ಎಂದು ಮೊದಲು ಕೇಳುತ್ತಿದ್ದೆ.

ಕಾರ್ತಿಕ ಮಾಸದಲ್ಲಿ ಗೌರಮ್ಮ ತೀರಿಕೊಂಡರು. ಕ್ರಿಯಾಕರ್ಮ ಮುಗಿಸಿಕೊಂಡು ಶಿವಣ್ಣ ಡಿಸ್ಪೆನ್ಸರಿಗೆ ಬಂದು ಬೆಂಚಿನ ಮೇಲೆ ಕುಳಿತರು. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಹೇಳಿದರು:

"ಕೊನೇವರ್ಗೂ ತೊಡೆ ಮುರೀಲಿಲ್ಲ ಸ್ವಾಮಿ."